ಎರಡು ಗಂಟಿನ ಸಾರು

ಒಂದು ವಾರ ನಮ್ಮ ಓಣಿಯಲ್ಲಿ ಏನೂ ನಡೆಯದಿದ್ದರೆ ನನಗೆ ಊಟ ಸೇರುವುದಿಲ್ಲ. ಪುಣ್ಯಕ್ಕೆ, ಇಷ್ಟು ವಯಸ್ಸಾದರೂ ಹಾಗೆ ಉಪವಾಸ ಬಿದ್ದದ್ದು ಕಡಿಮೆ. ಇದು ಹೊನ್ನಾಳಿಗೆ ಟಿ.ವಿ. ಬರುವ ಮುಂಚಿನ ಮಾತು, ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಆಗ ನಮಗೆ ಎದುರುಮನೆಯೇ ಟಿ.ವಿ.

ನ್ಯಾಮತಿ ಗುಟ್ಟು

ಎದುರುಮನೆಯಲ್ಲಿ ಮೂರು ಹೆಂಗಸರು: ಅಜ್ಜಿ, ಸೊಸೆ, ಮದುವೆಗೆ ಬಂದ ಮೊಮ್ಮಗಳು. ಅಜ್ಜಿಗೆ ಮರೆವು. ಸಾರಿಗೆ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕುವಳು. ಮೊಮ್ಮಗಳನ್ನು ಎಮ್ಮೆಯ ಹೆಸರಿಂದ ಕರೆಯುವಳು, ಎಮ್ಮೆಯನ್ನು ಮೊಮ್ಮಗಳ ಹೆಸರಿಂದ. ಎಮ್ಮೆ ಬೇಗ ಒಗ್ಗಿಕೊಂಡಿತು. ಹುಡುಗಿಗೆ ಮಾತ್ರ ಕಣ್ಣು ತುಂಬುತ್ತಿತ್ತು. ಅವಳನ್ನು ಎತ್ತಿ ಆಡಿಸಿ ಬೆಳೆಸಿದ್ದೇ ಆ ಅಜ್ಜಿ.

ಒಂದು ದಿನ ಹುಡುಗಿ ಬಸ್ಸು ಹತ್ತಿ ನ್ಯಾಮತಿಯ ನಾಟಿ ಪಂಡಿತನ ಹತ್ತಿರ ಹೋದಳು. ಆತ ಒಂದು ಹಿಡಿ ಬೀಜ ಕೊಟ್ಟನಂತೆ. "ಬಿಳಿ ಶಂಖಪುಷ್ಪ ಇದು. ಬೆಳೆಸು. ಹೂ, ಎಲೆ ಅರೆದು ಹಾಲಾಗೆ ಕೊಡು, ನೆನಪು ಚಿಗುರುತ್ತೆ. ನೀಲಿ ಹೂ ಬಿಟ್ರೆ ಬ್ಯಾಡ, ಅದು ಬೇಲಿಗೆ ಚೆಂದ. ಹೂ ಬಿಡೋ ತನಕ ಮದ್ದಿನ ಹೆಸರು ಯಾರಿಗೂ ಹೇಳಬ್ಯಾಡ, ಹೇಳಿದ್ರೆ ಗುಣ ಹೋಗುತ್ತೆ." ಇದೆಲ್ಲ ನಮಗೆ ಆಮೇಲೆ ತಿಳಿದದ್ದು.

ಅವಳು ದಾವಣಿಯ ತುದಿಗೆ ಏನೋ ಗಂಟು ಕಟ್ಟಿಕೊಂಡು ಬಸ್ಸು ಇಳಿದಾಗ ನಾನೇ ಕೇಳಿದೆ.

"ಏನೇ ಅದು?"

"ಏನಿಲ್ಲ ಅತ್ತೆ."

"ನ್ಯಾಮತಿಗೆ ಯಾಕೆ ಹೋಗಿದ್ದಿ?"

"ಸುಮ್ನೆ."

ಮದುವೆಗೆ ಬಂದ ಹುಡುಗಿ ಸುಮ್ಮನೆ ನ್ಯಾಮತಿಗೆ ಹೋಗುತ್ತಾಳೆಯೇ? ನಲ್ಲಿ ಹತ್ತಿರ ನಾನು ಆಡಿದ್ದು ಒಂದೇ ಮಾತು. ಸಂಜೆಯೊಳಗೆ ಓಣಿಯವರು ಗಂಡು ಹುಡುಕಿ, ಲಗ್ನ ಮಾಡಿಸಿ, ಬಾಣಂತನದ ತನಕ ಹೋಗಿದ್ದರು. ಆಮೇಲೆ ವಿಚಾರಿಸಿದರೆ, ಪಂಡಿತನ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ.

ಕುಂಡದ ಮೊದಲ ಫಸಲು

ಅರ್ಧ ಬೀಜವನ್ನು ಹುಡುಗಿ ಒಡಕು ಕುಂಡದಲ್ಲಿ ಹಾಕಿದಳು. ಏಳಲಿಲ್ಲ. ಮೂಲೆಮನೆ ಮೇಷ್ಟ್ರು ಯೂರಿಯಾ ಹಾಕು ಅಂದರು. ನಾನು ಕೈಗುಣ ಇಲ್ಲ ಅಂದೆ. ಯಾರೂ ಗಮನಿಸದ ಸಂಗತಿ ಏನೆಂದರೆ, ಅಜ್ಜಿ ಬೆಳಿಗ್ಗೆ ಕುಂಡಕ್ಕೆ ನೀರು ಹಾಕುವಳು, ಹಾಕಿದ್ದು ಮರೆತು ಮತ್ತೆ ಹಾಕುವಳು, ಒಳಗೆ ಹೋಗಿ ಬಂದು ಇನ್ನೊಂದು ತಂಬಿಗೆ ಸುರಿಯುವಳು.

ಒಂದು ದಿನ ಹುಡುಗಿ ಕೂಗಿದಳು, "ಅವ್ವಾ, ಕುಂಡದಾಗೆ ಏನೋ ಅಲುಗಾಡ್ತೈತೆ."

ಎಲ್ಲರೂ ಓಡಿ ಬಂದೆವು. ಕಪ್ಪೆ.

"ನೋಡೇ, ಗಿಡ ಎಷ್ಟು ಚೆನ್ನಾಗಿ ಎದ್ದೈತೆ," ಅಂದಳು ಅಜ್ಜಿ.

ಒಂದೇ ಮೊಳೆಗೆ ಎರಡು ಗಂಟು

ಪಂಡಿತ ಮತ್ತೆ ಹೇಳಿ ಕಳಿಸಿದ: ಬೀಜದ ಸಿಪ್ಪೆ ಗಟ್ಟಿ, ಕಲ್ಲಿಗೆ ತಿಕ್ಕಿ, ಬೆಚ್ಚಗಿನ ನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟು. ಉಳಿದ ಬೀಜವನ್ನು ಹುಡುಗಿ ಹಾಗೇ ಕಟ್ಟಿ ಒಲೆ ಹತ್ತಿರದ ಮೊಳೆಗೆ ನೇತು ಹಾಕಿದಳು. ಒಳಗೆ ಏನಿದೆ ಅಂತ ತಾಯಿಗೂ ಹೇಳಲಿಲ್ಲ. ತಾಯಿ ಹುರುಳಿಕಾಳು ಕಟ್ಟಿ ತಂದು ಅದೇ ಮೊಳೆಗೆ ಹಾಕಿದಳು.

ಮರುದಿನವೇ ಜಗಳೂರು ಕಡೆಯಿಂದ, ಬಿಳಿಚೋಡಿನ ಗಂಡಿನವರು ಹುಡುಗಿ ನೋಡಲು ಬಂದರು. ಅದಕ್ಕೆ ಮುಂಚೆ ಚನ್ನಗಿರಿಯವರು ಹುಡುಗಿ ಗಿಡ್ಡ ಅಂದಿದ್ದರು, ಕೆರೆಬಿಳಚಿಯವರು ಏನೂ ಅನ್ನದೆ ಉಪ್ಪಿಟ್ಟು ತಿಂದು ಹೋಗಿದ್ದರು. ಈ ಗಂಡನ್ನು ಹುಡುಗಿ ಬಾಗಿಲ ಸಂದಿಯಿಂದ ನೋಡಿ ಕೆಂಪಾದಳು. ಇದೊಂದು ಕೂಡಿ ಬರಲಿ ಅಂತ ಓಣಿಯೆಲ್ಲ ಹರಸಿತು. ನಾನೂ ಹರಸಿದೆ, ನಂಬಿದರೆ ನಂಬಿ.

ಬಂದವರು ಉಪ್ಪಿಟ್ಟು ತಿಂದು ಹೊರಡಬೇಕಿತ್ತು. ಬಸ್ಸು ಕೆಟ್ಟು ನಿಂತು ಊಟಕ್ಕೇ ಉಳಿದರು. ತಾಯಿ ರೊಟ್ಟಿ ಬಡಿಯುತ್ತಾ, "ಅತ್ತೆ, ಮೊಳೆಯಾಗಿನ ಗಂಟು ಸಾರಿಗೆ ಹಾಕ್ರಿ" ಅಂದಳು. ಅಜ್ಜಿ ಒಂದು ಗಂಟು ಬಿಚ್ಚಿ ಹಾಕಿದಳು. ತಿರುಗಿ ನೋಡಿದರೆ ಮೊಳೆಯಲ್ಲಿ ಗಂಟು ಇದೆ. ಅಯ್ಯೋ, ಮರೆತೆ ಅಂದುಕೊಂಡು ಅದನ್ನೂ ಹಾಕಿದಳು.

ಗಂಡು ಹುಡುಗಿಯನ್ನೇ ನೋಡುತ್ತಾ ಬರೀ ರೊಟ್ಟಿ ಚಟ್ನಿ ತಿಂದ. ಅವರಪ್ಪ ಮಾತ್ರ ಸಾರನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಪಾತ್ರೆ ಬರಿದು ಮಾಡಿದ. ಅಷ್ಟರಲ್ಲಿ ಹುಡುಗಿ ಖಾಲಿ ಬಟ್ಟೆ ಹಿಡಿದು ಒಲೆ ಮುಂದೆ ಬಿಕ್ಕತೊಡಗಿದಳು.

ತಾಯಿ ಬೀಗರ ಕಡೆ ತಿರುಗಿ ನಕ್ಕಳು. "ತವರು ಬಿಡೋ ದುಃಖ ರೀ. ಈಗಲೇ ಶುರುವಾತು."

ಬಸ್ಸಿನ ಸುದ್ದಿ

ಶಂಖಪುಷ್ಪದ ಬೀಜ ಭೇದಿ ಮಾಡಿಸುವ ಮದ್ದಂತೆ. ಅದನ್ನು ನಮಗೆ ತಿಳಿಸಿದ್ದು ಪಂಡಿತನಲ್ಲ, ಮರುದಿನ ಸಿಕ್ಕ ಬಸ್ಸಿನ ಕಂಡಕ್ಟರ್. "ನಿಮ್ಮ ಓಣಿಗೆ ಬಂದಿದ್ರಲ್ಲ ಹಿರಿಯರು, ದಾವಣಗೆರೆ ಮುಟ್ಟೋದ್ರಾಗೆ ಒಂದು ಮೋರಿ ಬಿಡಲಿಲ್ಲ ರೀ. ಸೀಟಿಗೆ ಟಿಕೆಟ್ ತಗೊಂಡ್ರು, ಕೂತಿದ್ದು ಹೊರಗೇ."

ತಾಯಿ ಹಣೆ ಚಚ್ಚಿಕೊಂಡಳು. ಹುಡುಗಿಗೆ ಮದ್ದೂ ಹೋಯಿತು, ಗಂಡೂ ಹೋಯಿತು. ಮದ್ದಿನ ಹೆಸರೊಂದು ಬಿಟ್ಟು ಉಳಿದ ಗುಟ್ಟೆಲ್ಲ ಅವಳು ಅಳುತ್ತಾ ಹೇಳಿದಳು. ನಾನು ಸಮಾಧಾನ ಹೇಳಿದೆ. "ಹೋಗ್ಲಿ ಬಿಡವ್ವ, ಇನ್ನೊಂದು ಗಂಡು ಬರುತ್ತೆ. ಬರೋರಿಗೆ ಮೊದಲೇ ಬಚ್ಚಲ ತೋರಿಸಿಬಿಡು."

ಬೀಗರ ಪಂಕ್ತಿ

ವಾರ ಕಳೆದ ಮೇಲೆ ಆ ಹಿರಿಯ ಒಬ್ಬನೇ ಬಂದು ಜಗಲಿ ಮೇಲೆ ಕೂತ. ಜಗಳಕ್ಕೇ ಬಂದ ಅಂತ ತಾಯಿ ಬಾಗಿಲ ಹಿಂದೆ ಸೇರಿದಳು. ಒಂದು ಮಾತೂ ತಪ್ಪದಂತೆ ನಾನು ಅಲ್ಲೇ ಮೆಣಸಿನಕಾಯಿ ಒಣಹಾಕಲು ಕೂತೆ.

"ತಂಗೀ, ಎಷ್ಟೋ ವರ್ಷದಿಂದ ನನ್ನ ಹೊಟ್ಟೆ ಕಲ್ಲು ಕಟ್ಟಿದಂಗೆ ಇತ್ತು," ಅಂದ ಆತ. "ದಾರಿಯಾಗೆ ನಾಚಿಕೆ ಆತು, ಸುಳ್ಳಲ್ಲ. ಆದ್ರೆ ಮೂರನೇ ದಿನಕ್ಕೆ ಹತ್ತಿ ಮೂಟೆ ಹಂಗೆ ಹಗುರಾದೆ. ನಮ್ಮ ಹುಡುಗನೂ ನಿಮ್ಮ ಹುಡುಗಿ ಬಿಟ್ಟು ಬ್ಯಾರೆ ಮಾತಾಡ್ತಿಲ್ಲ. ಲಗ್ನ ಇಟ್ಕೊಳ್ಳೋಣ. ಆ ಸಾರು ಯಾರು ಮಾಡಿದ್ದು?"

"ನಮ್ಮ ಹುಡುಗೀನೇ," ಅಂದಳು ತಾಯಿ, ಬಾಗಿಲ ಹಿಂದಿನಿಂದಲೇ.

"ನಾನಲ್ಲ, ನಮ್ಮಜ್ಜಿ," ಅಂದಳು ಹುಡುಗಿ.

"ಯಾವ ಸಾರು?" ಅಂದಳು ಅಜ್ಜಿ. "ನೀನು ಯಾರಪ್ಪ?"

ಇನ್ನೊಂದು ಸಂಗತಿ. ಅವತ್ತು ಹುಡುಗಿ ಅಳುತ್ತಲೇ ಆ ಬಟ್ಟೆಯನ್ನು ಬಚ್ಚಲಲ್ಲಿ ಜಾಡಿಸಿದ್ದಳಂತೆ. ಅಂಟಿಕೊಂಡಿದ್ದ ನಾಲ್ಕು ಬೀಜ ಬಚ್ಚಲ ನೀರು ಹರಿಯುವಲ್ಲಿ ಬಿದ್ದು, ಬಳ್ಳಿಯಾಗಿ ಗೋಡೆ ಹತ್ತಿದವು. ನೀಲಿಯೋ ಬಿಳಿಯೋ ಅಂತ ಬಸುರಿಯನ್ನು ನೋಡಿದ ಹಾಗೆ ಓಣಿಯೆಲ್ಲ ದಿನಾ ಹೋಗಿ ಮೊಗ್ಗು ನೋಡಿತು. ಬಿಳಿಯೇ ಬಿಟ್ಟಿತು. ಹುಡುಗಿ ದಿನಾ ಬೆಳಿಗ್ಗೆ ಅರೆದು ಹಾಲಲ್ಲಿ ಕೊಟ್ಟಳು. ಧಾರೆಯ ದಿನ ಅಜ್ಜಿ ಅವಳ ಗಲ್ಲ ಹಿಡಿದು ಅವಳದೇ ಹೆಸರು ಹಿಡಿದು ಕರೆದಳು. ಹುಡುಗಿ ಅತ್ತ ಅಳುವಿಗೆ ನನ್ನ ಮೂಗೂ ಸೋರಿತು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಚಿಗುರಿದ ನೆನಪು ನಿಲ್ಲುತ್ತದೆಯೇ? ಬೀಗರೆಲ್ಲ ಊಟಕ್ಕೆ ಕೂತು ಅನ್ನಕ್ಕೆ ಸಾರು ಕಲಸುವಾಗ ಅಜ್ಜಿ ಕೋಲೂರಿಕೊಂಡು ಬಂದು ಹಿರಿಯನ ಮುಂದೆ ನಿಂತಳು.

"ಅವತ್ತು ಪಾತ್ರೆ ಖಾಲಿ ಮಾಡಿದೋನು ನೀನೇ ಅಲ್ವ? ಈಗ ನೆನಪಾತು ಕಣಪ್ಪ. ಆ ಸಾರಿಗೆ ಮೊಮ್ಮಗಳ ಮದ್ದಿನ ಬೀಜಾನೂ ಹಾಕಿಬಿಟ್ಟಿದ್ದೆ."

ಚಪ್ಪರದಲ್ಲಿ ಎಲ್ಲರ ಕೈ ಎಲೆಯ ಮೇಲೇ ನಿಂತಿತು. ಬೀಗಿತ್ತಿ ಮೆಲ್ಲಗೆ ಕೇಳಿದಳು, "ಅಜ್ಜೀ, ಇವತ್ತಿನ ಸಾರಿಗೆ?"

ಅಜ್ಜಿ ಹಿರಿಯನ ಎಲೆಯ ಮೇಲಿನ ಸಾರನ್ನು ಬಗ್ಗಿ ನೋಡಿದಳು.

"ಅದು ಮಾತ್ರ ಮರ್ತೋತು."

ಬೀಗರ ಪಂಕ್ತಿ ಪೂರ್ತಿ ಎದ್ದಿತು. ಹಿರಿಯ ಒಬ್ಬ ಮಾತ್ರ ಕೂತಲ್ಲೇ ಎಲೆಯನ್ನು ಹತ್ತಿರ ಎಳೆದುಕೊಂಡ.

"ನನಗೆ ಇನ್ನೊಂದು ಸೌಟು ಹಾಕ್ರಿ. ಇವತ್ತು ಹೆಂಗೂ ಇಲ್ಲೇ ಉಳ್ಕೊಂತೀನಿ."