ಬೀರ್ ಪೈಪು, ಸೋರಿದ ಮಾನ

ಮನೆಗಳಲ್ಲಿ ಡ್ರಾಫ್ಟ್ ಬೀರಿನ ನಲ್ಲಿ ಕೂರಿಸೋದು ನನ್ನ ಕೆಲಸ. ಫ್ರಿಜ್ಜಿನೊಳಗೆ ಬೀರಿನ ಡ್ರಮ್ಮು, ಪಕ್ಕದಲ್ಲಿ ಬೀರನ್ನು ತಳ್ಳೋಕೆ ಒಂದು ಗ್ಯಾಸ್ ಸಿಲಿಂಡರು, ಅಲ್ಲಿಂದ ನಲ್ಲಿವರೆಗೆ ಪೈಪು. ಕೆ.ಜಿ.ಎಫ್., ಬಂಗಾರಪೇಟೆ ಕಡೆ ಇಂಥ ಮನೆಗಳು ಬೆರಳೆಣಿಕೆಯಷ್ಟು. ಆದರೂ ಪೈಪು ಸೋರಿದ್ದಕ್ಕಿಂತ ಹೆಚ್ಚು ಸಲ ನನ್ನ ಮಾನ ಸೋರಿದೆ.

೧. ವಾಷರ್

ಕೆ.ಜಿ.ಎಫ್.ನ ಕೋರಮಂಡಲ್‌ನಲ್ಲಿ ಒಬ್ಬರು ನಿವೃತ್ತ ಫೋರ್‌ಮನ್. ಗಣಿ ಮುಚ್ಚುವವರೆಗೂ ಭೂಮಿಯೊಳಗೆ ಗಾಳಿ ಪೈಪುಗಳನ್ನು ನೋಡಿಕೊಂಡಿದ್ದವರು. ಅದು ಗೊತ್ತಿದ್ದೂ ನಾನು ಅವರಿಗೇ ಪಾಠ ಶುರುಮಾಡಿದೆ.

"ಪ್ರೆಷರ್ ಅಂದ್ರೆ ಹುಡುಗಾಟ ಅಲ್ಲ ಸಾರ್."

ಅವರು ತಲೆಯಾಡಿಸುತ್ತ ಕೇಳಿದರು. ಕೊನೆಗೆ ಮೆಲ್ಲಗೆ, "ತಂಬಿ, ನಟ್ಟಿನೊಳಗೆ ವಾಷರ್ ಹಾಕಿದ್ದೀಯಾ?" ಎಂದರು.

"ಎಷ್ಟೋ ಮನೆ ಮಾಡಿದ್ದೀನಿ ಸಾರ್" ಎಂದು ಗ್ಯಾಸ್ ತಿರುಗಿಸಿದೆ. ನಟ್ಟಿನ ಸಂದಿಯಿಂದ ಬೀರು ಚಿಮ್ಮಿ ಅವರ ಇಸ್ತ್ರಿ ಷರ್ಟು, ಕನ್ನಡಕ, ಮೀಸೆ ಎಲ್ಲ ತೋಯ್ದುಹೋಯಿತು.

ಗ್ಯಾಸ್ ನಿಲ್ಲಿಸಿ ವಾಷರ್ ಹುಡುಕಿದೆ. ನೆಲದಲ್ಲಿಲ್ಲ, ಪೆಟ್ಟಿಗೆಯಲ್ಲಿಲ್ಲ. ಕಳೆಯಬಾರದು ಅಂತ ನಾನೇ ಅದನ್ನು ಕಿರುಬೆರಳಿಗೆ ಸಿಕ್ಕಿಸಿಕೊಂಡಿದ್ದೆ. ಅವರು ಕನ್ನಡಕ ಒರೆಸಿ, ನನ್ನ ಬೆರಳನ್ನೇ ನೋಡಿ ಕೇಳಿದರು:

"ನಿಶ್ಚಿತಾರ್ಥ ಯಾವಾಗ ಆಯ್ತು ತಂಬಿ?"

೨. ನೊರೆ

ಬೀರಿನ ಪೈಪು ಸಣ್ಣಗೆ, ಉದ್ದಕ್ಕೆ ಇರಬೇಕು. ಅಷ್ಟು ದೂರ ಹರಿದು ಬಂದರೇ ರಭಸ ತಗ್ಗೋದು. ಬಂಗಾರಪೇಟೆ ಹತ್ತಿರ ಒಂದು ಮನೆಯಲ್ಲಿ, ಸುರುಳಿ ಸುತ್ತಿದ ಪೈಪು ನೋಡೋಕೆ ಚೆನ್ನಾಗಿಲ್ಲ ಅಂತ ಎರಡಡಿಗೆ ಕತ್ತರಿಸಿಬಿಟ್ಟೆ. ನಲ್ಲಿ ತಿರುಗಿಸಿದರೆ ಲೋಟದ ತುಂಬ ನೊರೆ. ಇನ್ನೊಂದು ಲೋಟ, ಅದೂ ನೊರೆ. ಕತ್ತರಿಸಿದ ಪೈಪು ಮತ್ತೆ ಅಂಟುತ್ತದೆಯೇ?

ಮನೆಯಾಕೆ ದಿನಾ ಡೈರಿಗೆ ಹಾಲು ಹಾಕುವವರು. ಸೆರಗಿನಲ್ಲಿ ಕೈ ಒರೆಸುತ್ತ ಬಂದು ಸಾಲಾಗಿ ನಿಂತ ಲೋಟಗಳನ್ನು ನೋಡಿದರು.

"ಆಲಿಗೆ ನೀರು ಬೆರೆಸೋರ್ನ ನೋಡಿದ್ದೆ ಕಣಪ್ಪ. ಬರೀ ನೊರೆ ಮಾರೋನ್ನ ಇವತ್ತೇ ನೋಡಿದ್ದು."

೩. ಅಮ್ಮನ ಲೋಟ

ಇದನ್ನು ಹೇಳೋಕೆ ಈಗಲೂ ಮುಖ ಸಣ್ಣದಾಗುತ್ತದೆ. ಹೆಂಡದ ಮಾತೆತ್ತಿದರೇ ಅಮ್ಮ ಎದ್ದು ಹೋಗುವವಳು. ಅದಕ್ಕೇ ಅವಳಿಗೆ ನನ್ನದು ಕುಡಿಯೋ ನೀರಿನ ಫಿಲ್ಟರ್ ಕೆಲಸ ಅಂತ ಹೇಳಿದ್ದೆ. ಅವಳು ನಂಬಿ, "ನನ್ನ ಮಗ ಜನಕ್ಕೆ ಸುದ್ದ ನೀರು ಕುಡಿಸ್ತಾನೆ" ಅಂತ ಊರೆಲ್ಲ ಹೇಳಿಕೊಂಡು ಬಂದಿದ್ದಳು. ಅದನ್ನು ಕೇಳಿದಾಗಲೆಲ್ಲ ನಾನು ಚಪ್ಪಲಿ ನೋಡಿಕೊಳ್ಳುತ್ತಿದ್ದೆ.

ಒಂದು ದಿನ ಕೆ.ಜಿ.ಎಫ್.ನಲ್ಲೇ ಇರುವ ಮೈಸೂರು ಮೈನ್ಸ್‌ನ ಒಂದು ಮನೆಯಲ್ಲಿ ಹಳೇ ಪೈಪು ತೊಳೆಯುತ್ತಿದ್ದೆ. ಡ್ರಮ್ಮು ತೆಗೆದು, ಸೋಪು ನೀರೆಲ್ಲ ಹೊರಹಾಕಿ, ನಲ್ಲಿಯಿಂದ ಒಳ್ಳೇ ನೀರು ಬಿಡುತ್ತಿದ್ದೆ. ಪಕ್ಕದ ಬೀದಿಯ ನಾಮಕರಣಕ್ಕೆ ಬಂದಿದ್ದ ಅಮ್ಮ ಬಾಗಿಲಲ್ಲಿ ನನ್ನ ಬೈಕು ಕಂಡು ಒಳಗೇ ಬಂದುಬಿಟ್ಟಳು. ಜೊತೆಗೆ ನಮ್ಮೂರಿನ ಇಬ್ಬರು ಹೆಂಗಸರು.

"ನೋಡ್ರಮ್ಮಿ, ಇದೇ ಇವನ ಫಿಲ್ಟರು. ಒಂದು ಲೋಟ ನೀರು ಕೊಡು ಕಣ್ಲಾ."

ಮನೆ ಯಜಮಾನರು ಕೆಮ್ಮುತ್ತ ಗೋಡೆ ಕಡೆ ತಿರುಗಿಕೊಂಡರು. ದೇವರ ದಯೆ, ನಲ್ಲಿಯಲ್ಲಿ ಬರುತ್ತಿದ್ದದ್ದು ಬರೀ ನೀರು. ಹಿಡಿದು ಕೊಟ್ಟೆ. ಪೈಪಿಗೆ ಹಿಡಿದ ಬೀರಿನ ವಾಸನೆ ಎಷ್ಟು ತೊಳೆದರೂ ಹೋಗುವಂಥದ್ದಲ್ಲ ಅನ್ನೋದು ಆಮೇಲೆ ನೆನಪಾಯಿತು.

ಅಮ್ಮ ಒಂದು ಗುಟುಕು ಕುಡಿದಳು. ಇನ್ನೊಂದು ಗುಟುಕು ಬಾಯಲ್ಲೇ ಆಡಿಸಿ ನನ್ನ ಮುಖ ನೋಡಿದಳು.

"ಎಂಗೈತಕ್ಕಾ?" ಅಂದರು ಆ ಹೆಂಗಸರು.

"ಬಾಳ ಚೆನ್ನಾಗೈತೆ, ನಡೀರಿ, ಊಟಕ್ಕೆ ಒತ್ತಾಯ್ತು" ಎಂದು ಅವರನ್ನು ಮುಂದೆ ಕಳಿಸಿದಳು. ಲೋಟವನ್ನು ನನ್ನ ಕೈಗೆ ಕೊಡುತ್ತ, ನನಗೊಬ್ಬನಿಗೇ ಕೇಳುವ ಹಾಗೆ ಅಂದಳು:

"ನಿಮ್ಮಪ್ಪನೂ ದಿನಾ ಸಂಜೆ ಇದೇ ಫಿಲ್ಟರ್ ನೀರು ಕುಡ್ಕಂಡೇ ಬತ್ತಿದ್ದ ಕಣ್ಲಾ."