ಸರ್ಕಾರಿ ಕೂಸಿಗೆ ಮಣ್ಣು

ತಣ್ಣೀರು

ಒಬ್ಬ ರೈತನ ಜ್ವರ ಇಳಿಯಲೇ ಇಲ್ಲ. ಡಾಕ್ಟರು ಮಾತ್ರೆ ಕೊಟ್ಟರು. ಹೆಚ್ಚಿಸಿದರು. ಬದಲಿಸಿದರು. ರಕ್ತವನ್ನು ಕೊಪ್ಪಳಕ್ಕೆ ಕಳಿಸಿದರು. ರಕ್ತದಲ್ಲಿ ಏನೂ ಸಿಗಲಿಲ್ಲ. ಬೆಳಿಗ್ಗೆ ನಡುಗುತ್ತ ಬರುತ್ತಿದ್ದ, ನಮ್ಮ ಬೆಂಚಿನ ಮೇಲೆ ಬೆವರಿ ಸುಧಾರಿಸಿಕೊಂಡು ಮನೆಗೆ ಹೋಗುತ್ತಿದ್ದ, ಮರುದಿನ ಮತ್ತೆ ನಡುಗುತ್ತ ಬರುತ್ತಿದ್ದ.

ನಮ್ಮ ಆಸ್ಪತ್ರೆ ಯಲಬುರ್ಗಾ ಕಡೆಯ ಒಂದೂರಿನದು. ಊರಿನವರು ಅದಕ್ಕೆ ಬೆಳೆ ಬಾರದ, ಯಾರೂ ಮನೆ ಕಟ್ಟದ ಜಾಗ ಕೊಟ್ಟಿದ್ದರು. ಎಲ್ಲ ಊರಿನವರೂ ಸರ್ಕಾರಕ್ಕೆ ಕೊಡುವುದು ಅಂಥದನ್ನೇ. ಎಡಕ್ಕೆ ಸುಡುಗಾಡು, ಬಲಕ್ಕೆ ಖಬರಸ್ತಾನ, ನಡುವೆ ಗಾಡಿದಾರಿ, ದಾರಿಯ ಕೊನೆಗೆ ನಾವು. ಮಧ್ಯಾಹ್ನ ಗಾಳಿ ನಿಂತರೆ ಎಡಗಡೆ ಸದ್ದಿಲ್ಲ, ಬಲಗಡೆ ಸದ್ದಿಲ್ಲ, ಆಸ್ಪತ್ರೆಯಲ್ಲೂ ಸದ್ದಿಲ್ಲ. ಯಾವುದು ಎಲ್ಲಿ ಮುಗಿಯಿತು ಎಂದು ಹೊಸಬರಿಗೆ ತಿಳಿಯುತ್ತಿರಲಿಲ್ಲ.

ನಾನು ಅಲ್ಲಿ ಔಷಧ ಕೊಡುವವ. ಒಂದು ದಿನ ರೈತನನ್ನು ಕೇಳಿದೆ.

"ಇಲ್ಲಿಂದ ಹೋಗಿ ಏನ್ ಮಾಡ್ತಿ?"

"ಜಳಕ ಮಾಡ್ತೀನ್ರಿ."

"ಜ್ವರದಾಗ?"

"ಸುಡುಗಾಡ ದಾಟಿ ಬಂದು ಹಂಗ ಮನಿ ಒಳಗ ಹೋಗಾಕ ಬರ್ತೈತೇನ್ರಿ? ಹೊರಗ ನಿಂತು ತಲಿ ಮ್ಯಾಲ ತಣ್ಣೀರು ಹಾಕ್ಕೊಂತೀನಿ. ನಮ್ಮವ್ವ ಬಿಂದಗಿ ಹಿಡಕೊಂಡು ಬಾಗಲದಾಗ ನಿಂತಿರತಾಳ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಇಲ್ಲಿಗೆ ಬಂದವರೆಲ್ಲ ಹೀಗೇ ಮಾಡ್ತಾರಾ?"

"ಎಲ್ಲಾರೂ ಮಾಡ್ತಾರ್ರಿ. ಸತ್ತೋರು ಮಾಡಂಗಿಲ್ಲ. ಅವರು ಮನಿಗೆ ಹೊಳ್ಳಿ ಬರಂಗಿಲ್ಲಲ್ರಿ."

ಚಾಚಾ

ಎಡಗಡೆಯ ಕುಣಿಯನ್ನೂ ಬಲಗಡೆಯ ಕುಣಿಯನ್ನೂ ತೋಡುವವರು ಒಬ್ಬರೇ. ವಯಸ್ಸಾದ ಸಾಬರು. ಊರಿಗೆಲ್ಲ ಚಾಚಾ. ಅವರಿಗೆ ಬಿಪಿ ಇತ್ತು. ಮಾತ್ರೆಗೆ ಬಂದು ಬೆಂಚಿನ ಮೇಲೆ ಕೂತು, ಗುದ್ದಲಿಯನ್ನು ಪಕ್ಕಕ್ಕೆ ಒರಗಿಸುತ್ತಿದ್ದರು. ಮೊಣಕಾಲಿನವರೆಗೂ ಹಸಿ ಮಣ್ಣು. ಬೆಂಚು ತಾನಾಗಿ ಖಾಲಿಯಾಗುತ್ತಿತ್ತು.

ಒಮ್ಮೆ ಒಬ್ಬ ಮುದುಕಿ ಸಲೈನ್ ಹಾಕಿಸಿಕೊಂಡು ಮಲಗಿದ್ದಳು. ಚಾಚಾ ಬಾಗಿಲಲ್ಲಿ ನಿಂತು ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಆಮೇಲೆ ಕಾಲಿನಿಂದ ತಲೆಯವರೆಗೆ ನೋಡಿದರು. ಮುದುಕಿ ಬಾಟಲಿಯನ್ನು ಕೊಕ್ಕೆಯಿಂದ ಬಿಡಿಸಿಕೊಂಡು, ಕೈಯಲ್ಲಿ ಎತ್ತಿ ಹಿಡಿದು, ಸೂಜಿ ಸಮೇತ ಮನೆಗೆ ಹೋದಳು.

ನಾನು ಬೈದೆ. "ಹಂಗ್ಯಾಕ ನೋಡ್ತೀರಿ ಚಾಚಾ, ಮಂದೀನ?"

"ಏನ್ ಮಾಡ್ಲಿ ಸಾಹೇಬ್ರ, ಆದತ್ ಆಗೈತಿ. ಮಕಾ ಕಾಣೂಕಿಂತ ಮೊದಲ ಉದ್ದ ಕಾಣತೈತಿ."

"ಆ ಗುದ್ದಲಿ ಆದ್ರೂ ಹೊರಗ ಇಡ್ರಿ."

ಮರುದಿನ ಗುದ್ದಲಿ ಹೊರಗೇ ಇತ್ತು. ಆಸ್ಪತ್ರೆಯ ಬಾಗಿಲಿಗೆ ಒರಗಿಸಿದ್ದರು. ಆ ದಿನ ಒಬ್ಬ ರೋಗಿಯೂ ಒಳಗೆ ಬರಲಿಲ್ಲ. ಚಾಚಾ ಮಾತ್ರೆ ತೆಗೆದುಕೊಂಡು, ಎದ್ದು, ನನ್ನನ್ನು ಒಮ್ಮೆ ತಲೆಯಿಂದ ಕಾಲಿನವರೆಗೆ ನೋಡಿದರು.

"ನಿಮಗ ಅಷ್ಟೇನ್ ಬೇಕಾಗಂಗಿಲ್ರಿ," ಅಂದರು.

ಅಧಿಕಾರಿಗಳು

ನಾನು ಕೆಲಸಕ್ಕೆ ಸೇರಿದಾಗ ಕಂಪೌಂಡರ್. ದೊಡ್ಡ ಜಾಡಿಯಲ್ಲಿ ಕೆಂಪು ಔಷಧ ಕಲಸಿ, ಜನ ತಂದ ಸೀಸೆಗೆ ತುಂಬಿ, ಗುಟುಕಿನ ಅಳತೆಗೆ ಕಾಗದ ಕತ್ತರಿಸಿ ಅಂಟಿಸುತ್ತಿದ್ದೆ. ಆಮೇಲೆ ಸರ್ಕಾರ ನನ್ನನ್ನು ಫಾರ್ಮಸಿಸ್ಟ್ ಅಂದಿತು. ಅಷ್ಟರಲ್ಲಿ ಔಷಧ ಕಲಸುವುದು ನಿಂತು, ಡಬ್ಬಿಯಲ್ಲಿ ಬರತೊಡಗಿತು. ಆಮೇಲೆ ಫಾರ್ಮಸಿ ಅಧಿಕಾರಿ ಅಂದಿತು. ಕೆಲಸ ಕಡಿಮೆಯಾದ ಹಾಗೆ ಹೆಸರು ಉದ್ದವಾಯಿತು. ಆಸ್ಪತ್ರೆಯ ಹೆಸರೂ ಬದಲಾಯಿತು. ಬಿಸಿಲಿಗೆ ಹೊಸ ಬಣ್ಣ ಎದ್ದಾಗ ಬೋರ್ಡಿನಲ್ಲಿ ಹಳೆಯ ಹೆಸರು ಕೆಳಗಿನಿಂದ ಇಣುಕುತ್ತಿತ್ತು.

ನಮ್ಮ ಸಿಸ್ಟರ್ ಗಂಗಾವತಿ ಕಡೆಯವರು. ಹೆರಿಗೆ ಕೋಣೆ ಅವರದು. ಟೇಬಲ್ ಇತ್ತು, ದೀಪ ಇತ್ತು, ಕೂಸನ್ನು ಬೆಚ್ಚಗಿಡುವ ಯಂತ್ರ ಇತ್ತು. ಹೆರಿಗೆ ಮಾತ್ರ ಒಂದೂ ಆಗಿರಲಿಲ್ಲ. ಬಸುರಿ ಸುಡುಗಾಡಿನ ದಾರಿ ಹಿಡಿಯಬಾರದು. ಅನುಕೂಲ ಇದ್ದವರು ಗಾಡಿ ಮಾಡಿಕೊಂಡು ಕುಷ್ಟಗಿಗೆ ಹೋಗುತ್ತಿದ್ದರು. ಉಳಿದವರನ್ನು ಮನೆಯಲ್ಲೇ ಸೂಲಗಿತ್ತಿ ಅಜ್ಜಿ ಹಡೆಸುತ್ತಿದ್ದಳು.

ಅಜ್ಜಿಯ ಮೊಮ್ಮಗಳಿಗೆ ಹಿಂದೆ ಒಂದು ಕೂಸು ಹುಟ್ಟಿತ್ತು. ಅಜ್ಜಿಯ ಕೈಯಲ್ಲೇ ಹುಟ್ಟಿತ್ತು. ಉಸಿರು ಎಳೆದುಕೊಳ್ಳದೆ ಹೋಯಿತು. ಈಗ ಆ ಹುಡುಗಿಗೆ ಮತ್ತೆ ದಿನ ತುಂಬುತ್ತಿತ್ತು. ಡಾಕ್ಟರು ಕೊಪ್ಪಳಕ್ಕೆ ಬರೆದುಕೊಟ್ಟರೂ ಮನೆಯವರು ಹೋಗಲಿಲ್ಲ. ಇಲ್ಲಿಗಾದರೂ ಬರಲಿ, ಕೂಸು ಉಸಿರಾಡದಿದ್ದರೆ ನಾನು ಆಡಿಸುತ್ತೇನೆ ಎಂಬುದು ಸಿಸ್ಟರ್ ಹಟ. ನನ್ನನ್ನೂ ಕರೆದುಕೊಂಡು ಅಜ್ಜಿಯ ಮನೆಗೆ ಹೋದರು.

ಅಜ್ಜಿ ಕಟ್ಟೆಯ ಮೇಲಿಂದ ಏಳಲಿಲ್ಲ. "ಹಿಂದ ನಿಮ್ಮ ಸರ್ಕಾರನ ನನ್ನ ಕರದು ಕಲಿಸಿತ್ತು. ಡಬ್ಬಿ ಕೊಟ್ಟಿತ್ತು. ಒಳಗ ಬ್ಲೇಡು, ದಾರ, ಸಾಬಾನ. ಭಾಳ ಛಲೋ ಮಾಡ್ತಿ ಮುದುಕಿ ಅಂದಿತ್ತು. ಈಗ ಕೈ ಹಚ್ಚಬ್ಯಾಡ ಅಂತೈತಿ. ನೀ ಯಾರವಾ?"

"ನಾ ಶುಶ್ರೂಷಾಧಿಕಾರಿ, ಅಜ್ಜಿ."

"ಇಂವಾ?"

"ಫಾರ್ಮಸಿ ಅಧಿಕಾರಿ," ಅಂದೆ.

"ಆ ಡಾಕ್ಟರ ಹುಡುಗ?"

"ವೈದ್ಯಾಧಿಕಾರಿ."

ಅಜ್ಜಿ ಎಲೆಅಡಿಕೆ ಉಗುಳಿದಳು. "ಎಲ್ಲಾರೂ ಅಧಿಕಾರಿ ಆದ್ರ ಬಿಸಿನೀರು ಯಾರು ಕಾಸೋರು?"

ಕಿಟಕಿ

ಸಿಸ್ಟರ್ ತರಬೇತಿಗೆ ಹೋದಾಗ ಒಂದು ರಬ್ಬರ್ ಕೂಸು ಕೊಟ್ಟಿದ್ದರು. ಉಸಿರಿಲ್ಲದೆ ಹುಟ್ಟಿದ ಕೂಸಿಗೆ ಉಸಿರು ಕೊಡುವುದನ್ನು ಕೈಗೆ ರೂಢಿ ಮಾಡಿಕೊಳ್ಳಲಿಕ್ಕೆ. ಹಸುಗೂಸಿನಷ್ಟೇ ಉದ್ದ. ಒಳಗೆ ಬೆಚ್ಚಗಿನ ನೀರು ತುಂಬಿದರೆ ಹಸುಗೂಸಿನಷ್ಟೇ ತೂಕ, ಅಷ್ಟೇ ಬಿಸಿ. ಕೈ ಕೊಡದಿದ್ದರೆ ಕತ್ತು ಜೋತುಬೀಳುತ್ತಿತ್ತು. ಒಮ್ಮೆ ಸಿಸ್ಟರ್ "ಹಿಡ್ಕೊಳ್ರಿ" ಎಂದು ನನ್ನ ಕೈಗೆ ಕೊಟ್ಟರು. ಕೂಡಲೇ ಕೆಳಗಿಟ್ಟೆ.

ಮಧ್ಯಾಹ್ನ ರೋಗಿಗಳು ಇಲ್ಲದಾಗ ಸಿಸ್ಟರ್ ರೂಢಿ ಮಾಡುತ್ತಿದ್ದರು. ಒರೆಸುವರು. ಬೆನ್ನು ತಿಕ್ಕುವರು. ಮೂಗುಬಾಯಿಗೆ ಮುಖವಾಡ ಒತ್ತಿ, ಅದಕ್ಕೆ ಹಚ್ಚಿದ ಚೀಲ ಹಿಚುಕುವರು. ಕೂಸಿನ ಎದೆ ಏಳುತ್ತಿತ್ತು. ಬಿಟ್ಟರೆ ನಿಲ್ಲುತ್ತಿತ್ತು.

ಕಟ್ಟಿಗೆ ಆಯಲು ಬಂದ ಹೆಂಗಸರು ಇದನ್ನು ಕಿಟಕಿಯಿಂದ ನೋಡಿದರು. ಹೆರಿಗೆಯೇ ಆಗದ ಆಸ್ಪತ್ರೆಯಲ್ಲಿ ಕೂಸು. ದಿನಾ ಅದೇ ಕೂಸು. ದಿನಾ ಸತ್ತಿರುತ್ತದೆ. ದಿನಾ ಸಿಸ್ಟರ್ ಅದಕ್ಕೆ ಉಸಿರು ತುಂಬುತ್ತಾಳೆ.

"ಸುಡುಗಾಡದಾಗಿಂದ ತರ್ತಾಳಂತ," ಎಂದು ಊರಲ್ಲಿ ಮಾತು ಎದ್ದಿತು.

"ಸಂಜಿಗೆ ಒಯ್ದು ಹೊಳ್ಳಿ ಇಡ್ತಾಳಂತ."

ನಾಲ್ಕು ಜನ ಹಿರಿಯರು ಡಾಕ್ಟರನ್ನು ಕೇಳಲು ಬಂದರು. ಊರು ಅಂಗಳದಲ್ಲಿ ನಿಂತಿತು. ಡಾಕ್ಟರು ನಕ್ಕು, ಕೂಸನ್ನು ತಂದು ಮೇಜಿನ ಮೇಲೆ ಮಲಗಿಸಿದರು. "ರಬ್ಬರ್. ನೀವೇ ಮುಟ್ಟಿ ನೋಡಿ."

ಮೂವರು ಹಿಂದೆ ಸರಿದರು. ಗಟ್ಟಿಗ ಒಬ್ಬ ಕೈ ಇಟ್ಟ. ಸಿಸ್ಟರ್ ಆಗಷ್ಟೇ ನೀರು ತುಂಬಿದ್ದರು.

ಅವನು ಕೈ ತೆಗೆದು, ಧೋತರಕ್ಕೆ ಒರೆಸಿಕೊಂಡ. ಹೊರಗೆ ಹೋದ. ಏನಾಯಿತು ಎಂದು ಊರು ಕೇಳಿತು.

"ಇನ್ನೂ ಬೆಚ್ಚಗ ಐತಿ," ಅಂದ.

ಮಣ್ಣು

ಅಜ್ಜಿ ತಾನೇ ಬಂದಳು. ಹೆದರಲಿಲ್ಲ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ನೆತ್ತಿ ಒತ್ತಿ, ಅಂಗಾಲು ಚಿವುಟಿ ನೋಡಿದಳು.

"ರಬ್ಬರ್," ಅಂದಳು. "ಇದಕ್ಕ ಮಣ್ಣು ಕೊಡ್ರಿ."

ಸಿಸ್ಟರ್ ಗಾಬರಿಯಾದರು. "ಅಜ್ಜಿ, ರಬ್ಬರ್ ಅಂತ ನೀವ ಅಂದ್ರಿ."

"ನನಗ ಗೊತ್ತೈತಿ. ಊರಿಗೆ ಗೊತ್ತಿಲ್ಲ. ಊರಿಗೆ ಇದು ಮಣ್ಣಿಲ್ಲದ ಕೂಸು. ಇದು ಇಲ್ಲಿ ಇರೂತನ ನನ್ನ ಮೊಮ್ಮಗಳು ಈ ಖೋಲ್ಯಾಗ ಕಾಲಿಡಂಗಿಲ್ಲ. ಆಕಿಗೂ ಅಂಜಿಕಿ ಐತಿ."

"ಮಣ್ಣು ಕೊಟ್ರ ಕರಕೊಂಡು ಬರ್ತೀರಿ?"

"ನಾನ ಕರಕೊಂಡು ಬರ್ತೀನಿ."

ಸಿಸ್ಟರ್ ಒಪ್ಪಿದರು. ಡಾಕ್ಟರು ಅದು ಸರ್ಕಾರಿ ಸಾಮಾನು ಅಂದರು. ಸಿಸ್ಟರ್ ಅವರನ್ನು ಸುಮ್ಮನೆ ನೋಡಿದರು. ಡಾಕ್ಟರಿಗೆ ಯಲಬುರ್ಗಾದಲ್ಲಿ ಒಂದು ಮೀಟಿಂಗ್ ನೆನಪಾಯಿತು. ಹೋದರು.

ಚಾಚಾ ಎಡಗಡೆ ಸಣ್ಣ ಕುಣಿ ತೋಡಿದರು. ಅಳತೆ ಕೇಳಲಿಲ್ಲ. ಹೊಸ ಬಿಳಿ ಬಟ್ಟೆ ಬಂತು. ಒಂದು ಹಿಡಿ ಉಪ್ಪು ಬಂತು. ಯಾರೋ ಹಾಲು ತಂದರು. ಹೆಂಗಸರು ಕೆಲವರು ನಿಜಕ್ಕೂ ಅತ್ತರು. ಅಜ್ಜಿ ಒಂದು ಹಿಡಿ ಮಣ್ಣು ಹಾಕಿ ಬಹಳ ಹೊತ್ತು ಏಳಲಿಲ್ಲ. ಗೊಂಬೆ ಎಂದು ಅವಳಿಗೆ ಗೊತ್ತಿತ್ತು.

ಆಮೇಲೆ ಚಾಚಾ ಮಣ್ಣು ಎಳೆದು ಕಾಲಿನಿಂದ ಒತ್ತಿದರು. ಕೆಳಗಿನಿಂದ ನಿಟ್ಟುಸಿರು ಬಂತು. ಗೊಂಬೆಯ ಎದೆಯೊಳಗಿನ ಚೀಲದಲ್ಲಿ ಗಾಳಿ ಉಳಿದಿತ್ತು, ಅಷ್ಟೆ. ಆದರೆ ಎಲ್ಲರಿಗೂ ಕೇಳಿತು. ಅಳು ನಿಂತಿತು. ನಡುಮಧ್ಯಾಹ್ನ. ಯಾರೂ ಕದಲಲಿಲ್ಲ.

ಚಾಚಾ ಮಾತ್ರ ಕೈ ನಿಲ್ಲಿಸಲಿಲ್ಲ. "ಆಗತೈತ್ರಿ," ಅಂದರು. "ದೊಡ್ಡೋರೂ ಹಂಗ ಮಾಡ್ತಾರ."

ತಪಾಸಣೆ

ಕೆಲವು ದಿನಗಳಲ್ಲೇ ಮೇಲಿನಿಂದ ಒಬ್ಬ ಅಧಿಕಾರಿ ಬಂದರು. ಸಾಮಾನು ಎಣಿಸಿದರು. ತರಬೇತಿಯ ಕೂಸು ಎಲ್ಲಿ ಅಂದರು.

"ಹೋಯ್ತು ಸರ್," ಅಂದರು ಡಾಕ್ಟರು.

"ಎಲ್ಲಿಗೆ?"

ಡಾಕ್ಟರು ಕಿಟಕಿಯ ಹೊರಗೆ ತೋರಿಸಿದರು.

ಅಧಿಕಾರಿ ಸಿಟ್ಟಿನಿಂದ ಅಲ್ಲಿಗೇ ನಡೆದರು. ನಾವು ಹಿಂದೆ. ಸಣ್ಣ ಗುಡ್ಡೆಯ ಮೇಲೆ ಅರಿಶಿನ ಬಿದ್ದಿತ್ತು. ಪಕ್ಕದ ಜಾಲಿಗಿಡಕ್ಕೆ ಸಣ್ಣ ಸಣ್ಣ ಬಟ್ಟೆಯ ತೊಟ್ಟಿಲು ಕಟ್ಟಿದ್ದರು. ಮಕ್ಕಳಿಲ್ಲದವರು ಆಗಲೇ ಹರಕೆ ಹೊರಲು ಶುರು ಮಾಡಿದ್ದರು. ಗಾಳಿ ಇರಲಿಲ್ಲ. ತೊಟ್ಟಿಲೊಂದು ಅಲುಗುತ್ತಿತ್ತು. ಅಧಿಕಾರಿ ಬೂಟು ಬಿಚ್ಚಿದರು.

"ತೆಗೀರಿ ಇದನ್ನು," ಅಂದರು ಅಲ್ಲೇ ಇದ್ದ ಚಾಚಾಗೆ. ದನಿ ಇಳಿದಿತ್ತು.

"ನಾ ತೆಗ್ಯಾಂವ ಅಲ್ರಿ. ಮುಚ್ಚಾಂವ. ಮುಚ್ಚಿದ್ದು ತೆಗೀಬೇಕಂದ್ರ ತಹಶೀಲ್ದಾರ್ ಸಾಹೇಬ್ರು ಬರಬೇಕು, ಪೊಲೀಸ್ರು ಬರಬೇಕು, ಪಂಚರು ಬರಬೇಕು."

"ಗೊಂಬೆಗಾ?"

"ಸಣ್ಣೋರಾಗ್ಲಿ ದೊಡ್ಡೋರಾಗ್ಲಿ, ಕಾಯ್ದೆ ಒಂದ ರೀ."

ಅಧಿಕಾರಿ ಆಸ್ಪತ್ರೆಗೆ ವಾಪಸು ಬಂದು, ಕೂಸು ಬಳಸಿ ಹಾಳಾಗಿದೆ ಎಂದು ಬರೆದುಕೊಂಡರು. ಜೀಪು ಹತ್ತುವ ಮೊದಲು ನನ್ನನ್ನು ಪಕ್ಕಕ್ಕೆ ಕರೆದರು.

"ಇಲ್ಲಿ ನೀರು ಎಲ್ಲಿದೆ?"

ತೋರಿಸಿದೆ. ಕಾಲು ತೊಳೆದರು. ಆ ಕಡೆ ಈ ಕಡೆ ನೋಡಿ, ತಲೆಯ ಮೇಲೂ ಸುರಿದುಕೊಂಡರು.

ಅಳು

ಮೊಮ್ಮಗಳಿಗೆ ಒಂದು ಮುಂಜಾನೆ ಹೆರಿಗೆಯ ಬ್ಯಾನಿ ಶುರುವಾದವು. ಅಜ್ಜಿ ಮಾತು ತಪ್ಪಲಿಲ್ಲ. ಸಾಮಾನಿನ ಆಟೋಕ್ಕೆ ಸುತ್ತಲೂ ಸೀರೆ ಕಟ್ಟಿ, ಹುಡುಗಿಗೆ ಎಡವೂ ಕಾಣದಂತೆ ಬಲವೂ ಕಾಣದಂತೆ ತಂದಳು. ಹಿಂದೆ ಅರ್ಧ ಊರು. ಎಲ್ಲರೂ ಬೇವಿನ ಗಿಡದ ಕೆಳಗೆ ಕೂತರು. ಹುಡುಗಿಯ ಗಂಡ ಕೂರಲಿಲ್ಲ. ಕಿಟಕಿಗೂ ಗಿಡಕ್ಕೂ ಓಡಾಡುತ್ತಿದ್ದ.

ಒಳಗೆ ಡಾಕ್ಟರು, ಸಿಸ್ಟರ್, ಅಜ್ಜಿ. ನಾನು ಬಾಗಿಲ ಮರೆಗೆ, ಕೇಳಿದ್ದು ಕೊಡಲಿಕ್ಕೆ. ಬಿಸಿನೀರು ಅಜ್ಜಿಯೇ ಕಾಸಿದಳು.

ಮಧ್ಯಾಹ್ನ ಕೂಸು ಹುಟ್ಟಿತು. ನೀಲಿಯಾಗಿತ್ತು. ಅಳಲಿಲ್ಲ.

ಸಿಸ್ಟರ್ ಒರೆಸಿದರು. ಬೆನ್ನು ತಿಕ್ಕಿದರು. ಮುಖವಾಡ ಒತ್ತಿ ಚೀಲ ಹಿಚುಕಿದರು. ಎದೆ ಎದ್ದಿತು. ಬಿಟ್ಟರೆ ನಿಂತಿತು.

"ಯಾಕ ಅಳವಲ್ದು?" ಹುಡುಗಿ ಕೇಳಿದಳು. "ಯಮ್ಮಾ, ಯಾಕ ಅಳವಲ್ದು?"

ಕಿಟಕಿಯಲ್ಲಿ ಮುಖಗಳು ತುಂಬಿಕೊಂಡವು. ಅವರು ಹಿಂದೆ ಕಂಡದ್ದೇ ಈಗಲೂ ಕಾಣುತ್ತಿತ್ತು. ಅಜ್ಜಿ ಕೂಸಿನ ಪಾದ ಹಿಡಿದುಕೊಂಡಿದ್ದಳು.

"ಬಿಡಬ್ಯಾಡ ಮಗಳ," ಅಂದಳು ಸಿಸ್ಟರಿಗೆ. "ಹಾಕು. ಇನ್ನೂ ಹಾಕು. ನಾ ಆ ಸಲ ಬಿಟ್ಟೆ."

ಸಿಸ್ಟರ್ ಬಿಡಲಿಲ್ಲ. ಎಷ್ಟು ಹೊತ್ತು ಗೊತ್ತಿಲ್ಲ. ಚೀಲದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಡಾಕ್ಟರು ಎದೆಗೆ ಹಚ್ಚಿದ ಸ್ಟೆಥಸ್ಕೋಪ್ ತೆಗೆಯಲಿಲ್ಲ. ಮೊದಲು ತುಟಿ ಕೆಂಪಾಯಿತು. ಬೆರಳು ಅಲುಗಿದವು. ಆಮೇಲೆ ಕೂಸು ಬಾಯಿ ತೆರೆದು ಅಳತೊಡಗಿತು. ಗೋಡೆ ಅದುರುವ ಹಾಗೆ ಅತ್ತಿತು.

ಅಜ್ಜಿ ಕೆಳಗೆ ಕೂತುಬಿಟ್ಟಳು.

ಹೇಳಲೆಂದು ನಾನು ಹೊರಗೆ ಬಂದೆ. ಕಿಟಕಿಯಲ್ಲಿ ಯಾರೂ ಇರಲಿಲ್ಲ. ಗಿಡದ ಕೆಳಗೂ ಇರಲಿಲ್ಲ. ಚಪ್ಪಲಿಗಳು ಅಲ್ಲಲ್ಲಿ ಬಿದ್ದಿದ್ದವು. ಗಾಡಿದಾರಿಯ ಮೇಲೆ ಊರಿನವರೆಗೂ ಧೂಳು ಎದ್ದಿತ್ತು. ಬೆಂಚಿನ ಮೇಲೆ ಚಾಚಾ ಒಬ್ಬರೇ ಇದ್ದರು.

"ಎಲ್ಲಾರೂ ಎಲ್ಲಿ?"

"ಓಡಿದ್ರು. ಮಣ್ಣು ಕೊಟ್ಟ ಕೂಸು ಎದ್ದು ಬಂದು ಅಳಾಕ ಹತ್ತೈತಿ ಅಂತ ಒದರಿಕೊಂತ ಓಡಿದ್ರು. ಖರೇ ಏನಾತ್ರಿ?"

"ಹೆಣ್ಣು ಹುಟ್ಟೈತಿ. ತಾಯಿ ಮಗಳು ಇಬ್ಬರೂ ಅರಾಮ ಅದಾರ."

"ಯಾ ಅಲ್ಲಾ," ಅಂದರು ಚಾಚಾ. ಕಣ್ಣು ಒರೆಸಿಕೊಂಡರು. "ಅಪ್ಪಗ ಹೇಳ್ರಿ ಮೊದಲ."

ಅಪ್ಪ ಊರಲ್ಲಿ ಇರಲಿಲ್ಲ. ಹೊಲದಲ್ಲಿ ಇರಲಿಲ್ಲ. ಹುಡುಕಲು ಮೋಟಾರ್ ಸೈಕಲ್ ಕಳಿಸಿದೆವು. ಸಂಜೆ ಯಲಬುರ್ಗಾ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ಕುಷ್ಟಗಿ ಬಸ್ಸಿನಲ್ಲಿ, ಕಿಟಕಿ ಮುಚ್ಚಿಕೊಂಡು ಕೂತಿದ್ದ.