ನನ್ನ ವಿಮಾನದ ಶ್ವಾಸನಾಳ

ವಿಮಾನ ಕಟ್ಟುವುದು ಅಂಥ ಕಷ್ಟದ ಕೆಲಸವೇನಲ್ಲ. ಅತ್ತೆಯ ಶೆಡ್ಡಿನಲ್ಲಿ ವಿಮಾನ ಕಟ್ಟುವುದಿದೆಯಲ್ಲ, ಅದಕ್ಕೆ ಎಂಟೆದೆ ಬೇಕು. ನನಗಿರುವುದು ಒಂದೇ ಎದೆ. ಅದೂ ಮಿರ್ಚಿ ಭಜಿಯಿಂದ ಸ್ವಲ್ಪ ದಣಿದದ್ದು. ಆದರೂ ಕಟ್ಟಿದೆ.

ನಾನು ವಿಜಯಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತೇನೆ. (ಹೇಳುತ್ತೇನೆ ಅಷ್ಟೇ. ಯಾರಾದರೂ ಕೇಳುತ್ತಾರೆಯೇ ಎಂಬುದಕ್ಕೆ ನಾನು ಹೊಣೆಗಾರನಲ್ಲ.) ನನ್ನ ಹೆಂಡತಿ ಪೂರ್ವಾ. ಅವಳ ತಾಯಿ ಸಖೂಬಾಯಿ ನನ್ನ ತಂದೆಯ ಖಾಸಾ ಅಕ್ಕ. ಹೀಗಾಗಿ 'ಅತ್ತೆ' ಎಂಬ ಪದವಿ ಆಕೆಗೆ ಎರಡೂ ದಿಕ್ಕಿನಿಂದ ಪ್ರಾಪ್ತವಾಗಿದೆ. ಮನಸ್ಸು ತಂಪಾಗಿದ್ದಾಗ ನನ್ನನ್ನು 'ಲೇ ನಂದ್ಯಾ' ಎನ್ನುತ್ತಾಳೆ. ಸಿಟ್ಟು ಬಂದರೆ 'ಅಳಿಯಾರ' ಎಂದು ಬಹುವಚನ ದಯಪಾಲಿಸುತ್ತಾಳೆ. ನನಗೆ ಮರ್ಯಾದೆ ಸಿಕ್ಕಿತೆಂದರೆ ಗಂಡಾಂತರ ಬಂತೆಂದೇ ಅರ್ಥ.

ತಿಕೋಟಾದ ಆಚೆ ಆಕೆಯ ದ್ರಾಕ್ಷಿ ತೋಟ. ತೋಟದ ಮಗ್ಗುಲಲ್ಲಿ ಒಣದ್ರಾಕ್ಷಿ ಮಾಡುವ ಶೆಡ್ಡು: ಮೇಲೆ ತಗಡು, ಸುತ್ತ ಬಯಲು, ಒಳಗೆ ಅಂತಸ್ತಿನ ಮೇಲೆ ಅಂತಸ್ತಾಗಿ ಜಾಳಿ. ದ್ರಾಕ್ಷಿಯ ಸುಗ್ಗಿ ಬಿಟ್ಟರೆ ಉಳಿದ ಕಾಲವೆಲ್ಲ ಜಾಳಿ ಸುತ್ತಿಟ್ಟು ಅದು ಖಾಲಿ. ಖಾಲಿ ಜಾಗ ಕಂಡರೆ ಬೇರೆಯವರಿಗೆ ಕಾಂಪ್ಲೆಕ್ಸ್ ಕಟ್ಟುವ ಯೋಚನೆ ಬರುತ್ತದೆ. ನನಗೆ ವಿಮಾನ ಬಂತು. ಪುಣೆಯ ಗುಜರಿ ಅಂಗಡಿಯೊಂದರಿಂದ ಯಾವುದೋ ವಿದೇಶಿ ಕಾರಿನ ರೋಟರಿ ಎಂಜಿನ್ ತಂದೆ. ರೆಕ್ಕೆ, ಬಾಲ, ಮೂತಿಗೊಂದು ಪಂಖಾ, ಒಬ್ಬನೇ ಕೂರುವ ಸೀಟು ಎಲ್ಲ ಸಿದ್ಧವಾಯಿತು. (ಸರ್ಕಾರದ ಅನುಮತಿಯೆಂಬುದೊಂದಿದೆ. ಮೊದಲು ಅತ್ತೆಯದು ಸಿಗಲಿ ಎಂದು ಅದನ್ನು ಮುಂದಕ್ಕೆ ಹಾಕಿದ್ದೆ.)

ಅತ್ತೆ ಒಂದು ದಿನ ಬಂದು ವಿಮಾನದ ಸುತ್ತ ಪ್ರದಕ್ಷಿಣೆ ಹಾಕಿದಳು.

"ಲೇ ನಂದ್ಯಾ, ಇದು ಖರೇನ ಹಾರ್ತೈತೇನೋ?"

"ಹಾರ್ತೈತಿ ಅತ್ತಿ. ಉಸರಾಟದ್ದೊಂದು ಸಣ್ಣ ತ್ರಾಸ ಐತಿ, ಅಷ್ಟ."

"ನಿಮ್ಮ ಮಾವಗೂ ಡಾಕ್ಟರ ಹಂಗ ಅಂತಿದ್ರು. ನೋಡು, ದ್ರಾಕ್ಷಿ ಹಾಕೂದ್ರಾಗ ಇದು ದಮ್ ಹಿಡದು ಓಡಿದ್ರ ನಿನಗ ಬಾಜೂಕ ಬ್ಯಾರೆ ಶೆಡ್ ಹಾಕಸ್ತೀನಿ. ಇಲ್ಲಂದ್ರ ಗುಜರಿಗೆ. ನಾನಽ ಟ್ರ್ಯಾಕ್ಟರ್ ಕಳಸ್ತೀನಿ."

ಉಸಿರಾಟದ ತ್ರಾಸ ಎಂದದ್ದು ಸುಳ್ಳಲ್ಲ. ಮಾಮೂಲಿ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಕುಣಿಯುತ್ತದೆ. ರೋಟರಿಯಲ್ಲಿ ಹೊಟ್ಟೆಯುಬ್ಬಿದ ಸಮೋಸದಂಥ ಮೂರು ಮೂಲೆಯ ರೋಟರು ಗಿರಗಿರ ತಿರುಗುತ್ತದೆ. ನನ್ನದರಲ್ಲಿ ಅಂಥವು ಎರಡು, ಅವಕ್ಕೆ ಗಾಳಿ ಎಳೆಯಲು ಎರಡು ಪೈಪು. ಎಲ್ಲ ಮಹಿಮೆ ಆ ಪೈಪಿನ ಉದ್ದದಲ್ಲಿದೆ. ಇದನ್ನು ಹೆಂಡತಿಗೆ ಮನೆಯ ಉದಾಹರಣೆಯಿಂದಲೇ ವಿವರಿಸಿದೆ.

"ಈಗ ನೋಡು, ನೀ ಅಡಗಿಮನ್ಯಾಗಿಂದ 'ಚಹಾ ಆಗೇತಿ' ಅಂತ ಒದರತಿ. ಆ ಧ್ವನಿ ನಡುಮನಿ ದಾಟಿ ಪಡಸಾಲಿಗೆ ಬಂದು, ನನಗ ಬಡದು, 'ಹ್ಞೂಂ' ಅಂತ ಹೊಳ್ಳಿ ಹೋಗ್ತೈತಿ. ನೀ ಬಾಗಲಾ ತಗಿಯೂದಕ್ಕೂ 'ಹ್ಞೂಂ' ಬರೂದಕ್ಕೂ ಕೂಡಿ ಬಂದ್ರ ಚಹಾ. ತಡಾ ಆದ್ರ ಬಾಗಲಾ ಬಂದ್. ಪೈಪಿನ್ಯಾಗ ಗಾಳಿದೂ ಹಂಗ. ಒಂದು ಬಾಗಲಾ ಬಡಕೊಂಡಾಗ ಹೊಂಟ ಧಕ್ಕಿ, ಇನ್ನೊಂದು ಬಾಗಲಾ ತಗಿಯೂ ಹೊತ್ತಿಗೆ ಮುಟ್ಟಿದ್ರ ಜಾಸ್ತಿ ಗಾಳಿ ಒಳಗ ತುರುಕತೈತಿ. ಎಂಜಿನ್ ಜೋರ ಓಡಬೇಕಂದ್ರ ಪೈಪ್ ಗಿಡ್ಡ ಇರಬೇಕು, ಸಾವಕಾಶ ಓಡಬೇಕಂದ್ರ ಉದ್ದ."

ಪೂರ್ವಾ ತಲೆದೂಗಿದಳು. ವಿಜ್ಞಾನದ ಬೀಜ ನೆಲಕ್ಕೆ ಬಿತ್ತೆಂದು ನಾನು ಹಿಗ್ಗಿದೆ.

"ಅಂದ್ರ ನಿಮ್ಮ 'ಹ್ಞೂಂ' ತಡಾ ಆಗೂದು ನಡುಮನಿ ಉದ್ದ ಇದ್ದದ್ದಕ್ಕೇನ್ರಿ? ಮೊಬೈಲ್ ನೋಡಕೋತ ಕುಂತಿದ್ದಕ್ಕಲ್ಲ?"

ಬೀಜ ಬಿದ್ದಿತ್ತು, ಆದರೆ ಬೇರೆಯವರ ಹೊಲದಲ್ಲಿ.

ಪೈಪಿನ ಬಾಯಿ ತುತ್ತೂರಿಯಂತೆ ಅರಳಿರಬೇಕು. ಇಲ್ಲದಿದ್ದರೆ ಗಾಳಿ ಹೊಸ್ತಿಲಲ್ಲೇ ಎಡವುತ್ತದೆ. ಅಂಥ ಸುಂದರ ಬಾಗು ಎಲ್ಲಿ ಸಿಗುತ್ತದೆಂದು ಸೊಲ್ಲಾಪುರ ರಸ್ತೆಯ ಅಂಗಡಿಗಳನ್ನೆಲ್ಲ ತಡಕಿದೆ. ಕೊನೆಗೆ ಅದು ನಮ್ಮ ದೇವರ ಮನೆಯಲ್ಲೇ ಸಿಕ್ಕಿತು: ಎರಡು ತಾಮ್ರದ ತಂಬಿಗೆಗಳು. ಕುತ್ತಿಗೆಯ ಮೇಲಿನ ಭಾಗ ಭೌತಶಾಸ್ತ್ರದ ಪುಸ್ತಕದಲ್ಲಿ ಬರೆದಂತಿತ್ತು. ಅದೇ ರಸ್ತೆಯಲ್ಲಿ ಗ್ಯಾರೇಜಿಟ್ಟ ನನ್ನ ಬಾಲ್ಯಸ್ನೇಹಿತ ಉಮರ ಎರಡರ ಕುತ್ತಿಗೆಯನ್ನೂ ಕತ್ತರಿಸಿ ಪೈಪಿಗೆ ಬೆಸೆದ.

"ಏನ್ರೀ, ತಂಬಿಗಿ ಎಲ್ಲಿ ಹೋಗ್ಯಾವ?" ಎಂದಳು ಪೂರ್ವಾ.

"ವಿಜ್ಞಾನಕ್ಕ ಹೋಗ್ಯಾವ."

"ನಮ್ಮವ್ವ ಕೊಟ್ಟಾವ್ರಿ ಅವು! ಮದವ್ಯಾಗ ಕಾಲ ತೊಳದ ತಂಬಿಗಿ!"

"ಅದಕ್ಕಽ ಅಂತೀನಿ, ಅವಕ್ಕ ಬಡ್ತಿ ಸಿಕ್ಕೇತಿ. ಕಾಲ ತೊಳಿಯೂದು ಬಿಟ್ಟು ಆಕಾಶಕ್ಕ ಹೊಂಟಾವ."

ಆ ವಾರವೆಲ್ಲ ನನಗೆ ಚಹಾ ಬರಲಿಲ್ಲ. ನಡುಮನೆಯ ಉದ್ದದ್ದು ತಪ್ಪಿರಲಿಲ್ಲ.

ಇತ್ತ ಎಂಜಿನ್ನು ನಾಲ್ಕು ಸಾವಿರ ಸುತ್ತಿನವರೆಗೆ ಜಾಣ ಹುಡುಗನಂತೆ ಓಡಿ, ಅಲ್ಲಿಂದ ಮೇಲೆ ಕೆಮ್ಮತೊಡಗುತ್ತಿತ್ತು. ಹಾರಲು ಆರು ಸಾವಿರ ಬೇಕು. ನಾನು ಲೆಕ್ಕ ಮಾಡಿ "ಉಮರ, ಎರಡು ಬಟ್ಟು ಗಿಡ್ಡ ಮಾಡು" ಎನ್ನುವುದು, ಅವನು ಕತ್ತರಿಸಿ ಬೆಸೆಯುವುದು, ಮತ್ತೆ ಕೆಮ್ಮು.

"ದೋಸ್ತ, ಹಿಂಗ ಕೊಯ್ಕೋತ ಹ್ವಾದ್ರ ಬರೇ ತಂಬಿಗಿ ಉಳಿತಾವ ನೋಡು," ಎಂದ ಉಮರ.

"ನೀ ಕೊಯ್ಯೋ ಮಾರಾಯಾ. ಗಾಳಿ ಲೆಕ್ಕ ನನಗ ಬಿಡು."

ನನ್ನ ಆತ್ಮವಿಶ್ವಾಸಕ್ಕೆ ಯಾವ ಪೈಪಿನ ಅಗತ್ಯವೂ ಇರಲಿಲ್ಲ. ಅದು ತಾನಾಗಿಯೇ ಉಬ್ಬುತ್ತಿತ್ತು.

ಆದರೆ ಆ ವರ್ಷ ಬಿಸಿಲು ಮುಂಚೆಯೇ ಏರಿ ದ್ರಾಕ್ಷಿ ಬೇಗ ಸಿಹಿಯಾಯಿತು. ನನ್ನ ಪೈಪಿಗಿಂತ ಮೊದಲು ಅತ್ತೆಯ ಗೊನೆ ತಯಾರು. ವಿಮಾನವನ್ನು ಶೆಡ್ಡಿನಿಂದ ಹೊರಗೆ ತಳ್ಳಿ ಬೇವಿನ ಮರದಡಿ ನಿಲ್ಲಿಸಿದರು. ಶೆಡ್ಡಿನ ಜಾಳಿಗಳ ತುಂಬ ಹಸಿ ದ್ರಾಕ್ಷಿ ಹರಡಿದರು. ಅಷ್ಟರಲ್ಲಿ ಆಕಾಶಕ್ಕೆ ಏನಾಯಿತೋ, ಕಾಲವಲ್ಲದ ಕಾಲದಲ್ಲಿ ಮೋಡ ಕವಿದು ಗಾಳಿ ನಿಂತುಬಿಟ್ಟಿತು. ಒಣದ್ರಾಕ್ಷಿಗೆ ಒಣ ಗಾಳಿಯೇ ಜೀವ. ಗಾಳಿಯಿಲ್ಲದೆ ಕುಂತರೆ ಕಾಳು ಕಪ್ಪಾಗಿ, ಬೂಷ್ಟು ಹಿಡಿದು, ವರ್ಷದ ದುಡಿಮೆ ತಿಪ್ಪೆಗೆ. ಅತ್ತೆ ಶೆಡ್ಡಿನ ಕಂಬಕ್ಕೆ ಒರಗಿ ಮೋಡವನ್ನು ಬೈಯುತ್ತ ನಿಂತಿದ್ದಳು. ಮೋಡದ್ದು ಮುಗಿದ ಮೇಲೆ ನನ್ನ ಪಾಳಿ.

"ಅಳಿಯಾರ, ಟ್ರ್ಯಾಕ್ಟರಿಗೆ ಹೇಳೇನಿ. ನಾಳೆ ಮುಂಜಾನೆ ಬರ್ತೈತಿ."

ಬಹುವಚನ! ನಾನು ಉಮರನಿಗೆ ಫೋನು ಮಾಡಿ ಕೊನೆಯ ಸಲ ಎರಡು ಬೆರಳು ಗಿಡ್ಡ ಮಾಡಿಸಿ ಆವತ್ತೇ ಪೈಪು ತರಿಸಿದೆ. ತಮಾಷೆ ನೋಡಲು ಪೂರ್ವಾಳೂ ಬಂದಳು. ವಿಮಾನದ ಬಾಲಕ್ಕೆ ಹಗ್ಗ ಬಿಗಿದು ಮರಕ್ಕೆ ಕಟ್ಟಿದೆವು. ಚಾಲೂ ಮಾಡಿದೆ. ನಾಲ್ಕು ಸಾವಿರ, ಕೆಮ್ಮಿಲ್ಲ. ಐದು, ಕೆಮ್ಮಿಲ್ಲ. ಆರು ಸಾವಿರ! ಎಂಜಿನ್ನು ಗಂಟಲು ಬಿಚ್ಚಿ ಗರ್ಜಿಸಿತು, ಹಗ್ಗ ಕಿರುಗುಟ್ಟಿತು, ಬೇವಿನ ಮರ ನನ್ನೊಡನೆ ಹೊರಡಲು ಸಿದ್ಧವಾದಂತೆ ತೂಗಿತು. ನನ್ನ ಕಣ್ಣಲ್ಲಿ ನೀರು. ಭೌತಶಾಸ್ತ್ರ ಬದುಕಿನಲ್ಲಿ ಮೊದಲ ಸಲ ನನ್ನ ಮಾತು ಕೇಳಿತ್ತು.

ವಿಮಾನ ಗಾಳಿಯನ್ನು ಹಿಂದಕ್ಕೆ ತಳ್ಳುತ್ತದೆಂಬುದನ್ನು ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತೇನೆ. ಹಿಂದೆ ಏನಿದೆಯೆಂದು ಮಾತ್ರ ನೋಡಿರಲಿಲ್ಲ. ಹಿಂದೆ ಶೆಡ್ಡಿತ್ತು.

ಎಂಜಿನ್ನು ಬಂದ್ ಮಾಡಿ ತಿರುಗಿದಾಗ ಮುಂದಿನ ಜಾಳಿಗಳ ದ್ರಾಕ್ಷಿ ಪಕ್ಕದ ತೋಟದಲ್ಲಿತ್ತು. ಒಂದು ಗೊನೆ ಉಮರನ ತಲೆಯ ಮೇಲಿತ್ತು. ಪೂರ್ವಾ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು; ಅಳುವುದಕ್ಕೋ ನಗುವುದಕ್ಕೋ ಆಗ ತಿಳಿಯಲಿಲ್ಲ. (ನಗುವುದಕ್ಕೇ ಎಂದು ಆಮೇಲೆ ತಿಳಿಯಿತು.) ಅತ್ತೆ ಶೆಡ್ಡಿನೊಳಗೆ ಹೋದಳು. ಹಿಂದಿನ ತುದಿಯ ಜಾಳಿಯ ಮುಂದೆ ನಿಂತಳು. ಒಂದು ಕಾಳು ತೆಗೆದು ಹಿಚುಕಿ, ನೆಕ್ಕಿ, ಹೊರಗೆ ಬಂದಳು.

"ಲೇ ನಂದ್ಯಾ."

ಏಕವಚನ! ನನ್ನ ಜೀವ ಮರಳಿ ಬಂತು.

"ಹಿಂದಿನ ಜಾಳ್ಯಾಗ ಗಾಳಿ ಮೆತ್ತಗ ಬಂದು ಕಾಳಿನ ಮ್ಯಾಲಿನ ಜಿಗಿ ಆರೇತಿ. ಹಂಗಽ ಮೆತ್ತಗ ಹಚ್ಚು ನೋಡೂಣು."

ಮೆತ್ತಗೆ ಹಚ್ಚಿದೆ. ಎಂಜಿನ್ನು ಕೆಮ್ಮಿತು, ಸೀನಿತು, ನಿಂತಿತು.

"ಮೆತ್ತಗ ಓಡೂದಿಲ್ಲ ಅತ್ತಿ. ಪೈಪ್ ಗಿಡ್ಡ ಐತಿ, ಇದು ಜೋರ ಓಡಾಕ ಮಾಡಿದ್ದು."

"ಹಂಗಾರ ಉದ್ದ ಮಾಡು."

"ಉದ್ದ ಮಾಡಿದ್ರ ಹಾರೂದಿಲ್ಲ!"

"ಹಾರ್ಸು ಅಂದವ್ರ್ಯಾರು? ದಮ್ ಹಿಡದು ಓಡಿದ್ರ ಸಾಕಂದಿದ್ದೆ. ನನ್ನ ದ್ರಾಕ್ಷಿ ಕರ್ರಗ ಆಗೂದು ನೋಡಕೋತ ಕುಂದರ್ಲ್ಯೇನು?"

"ಅವ್ವ ಅಂದಿದ್ದು ಖರೆ ಐತ್ರಿ," ಎಂದಳು ಪೂರ್ವಾ. "ಸಾವಕಾಶ ಓಡಬೇಕಂದ್ರ ಉದ್ದ ಇರಬೇಕಂತ ನೀವಽ ಹೇಳಿದ್ರಲ್ಲ?"

ವಿಜ್ಞಾನದ ಬೀಜ ಕಡೆಗೂ ಮೊಳೆತಿತ್ತು. ಹೆಂಡತಿಗೆ ಪಾಠ ಹೇಳಬಾರದೆಂದು ಹಿರಿಯರು ಯಾಕೆ ಎಚ್ಚರಿಸಲಿಲ್ಲವೋ!

ಕತ್ತರಿಸಿದ ತುಂಡುಗಳನ್ನೆಲ್ಲ ಉಮರ ಒಂದಕ್ಕೊಂದು ಬೆಸೆದ. ಬೆಸೆಯುವಾಗ ಬೇಕೆಂದೇ ನನ್ನ ಮುಖ ನೋಡಲಿಲ್ಲ. ಪೈಪು ಮೊದಲಿಗಿಂತ ಉದ್ದವಾಗಿ, ಎಂಜಿನ್ನಿಗೆ ಎರಡು ಸುತ್ತು ಸುತ್ತಿಕೊಂಡು ಕುಳಿತಿತು. ದ್ರಾಕ್ಷಿಗೆ ಪೆಟ್ರೋಲಿನ ವಾಸನೆ ಬರಬಾರದೆಂದು ಅತ್ತೆ ಹೊಗೆಯ ನಳಿಗೆಯನ್ನು ತಗಡಿನ ಮೇಲಕ್ಕೆ ಏರಿಸಿದಳು. ಜಗತ್ತಿನಲ್ಲಿ ಚಿಮಣಿಯಿರುವ ವಿಮಾನ ಬಹುಶಃ ನನ್ನದೊಂದೇ. ಓಡಾಡುವವರಿಗೆ ಅಡ್ಡವಾಗುತ್ತವೆಂದು ರೆಕ್ಕೆಗಳನ್ನು ಬಿಚ್ಚಿ, ಮಳೆಯ ಇರಚಲು ಬಂದರೆ ಇರಲಿ ಎಂದು ಜಾಳಿಗಳ ಮಗ್ಗುಲಿಗೆ ಮರೆ ಕಟ್ಟಿದರು.

ಸತ್ಯ ಹೇಳಬೇಕೆಂದರೆ ಟ್ಯೂನಿಂಗ್ ಅದ್ಭುತವಾಗಿತ್ತು. ಕೆಮ್ಮಿಲ್ಲ, ಸೀನಿಲ್ಲ, ಜೇನುಗೂಡಿನಂಥ ಗುಂಯ್ ಗುಂಯ್. ಮೋಡ ತೊಲಗುವವರೆಗೆ ನಾನು ಕಾಲೇಜಿಗೆ ರಜೆ ಹಾಕಿ ಕಾಕ್‌ಪಿಟ್ಟಿನಲ್ಲಿ ಕುಳಿತು, ಅತ್ತೆ "ಒಂದೀಟು ಜೋರ", "ಒಂದೀಟು ಸಣ್ಣ" ಎಂದಂತೆ ಗಾಳಿ ಬೀಸಿದೆ. ಸುತ್ತಲಿನವರದೆಲ್ಲ ಕಪ್ಪಾಯಿತು, ನಮ್ಮ ಕಾಳು ಹಸಿರು ಬಂಗಾರ. ಅತ್ತೆ ಮಾತಿಗೆ ತಪ್ಪುವವಳಲ್ಲ, ಬೇರೆ ಶೆಡ್ಡು ಹಾಕಿಸಿಕೊಟ್ಟಳು. ಆದರೆ ಅದರಲ್ಲಿ ನಿಲ್ಲಲು ವಿಮಾನಕ್ಕೆ ಪುರುಸೊತ್ತಿಲ್ಲ.

ಯಾಕೆಂದರೆ ಬಬಲೇಶ್ವರದಿಂದ, ಇನ್ನೂ ದ್ರಾಕ್ಷಿ ಒಣಗಿಸಬೇಕಿದ್ದ ಧೂಳಪ್ಪನೆಂಬ ಬೆಳೆಗಾರ ಬಂದು ಕೈಮುಗಿದ. "ಸರ, ನಿಮ್ಮ ವಿಮಾನ ನಮ್ಮ ತ್ವಾಟಕ್ಕ ಯಾವಾಗ ಬರ್ತೈತ್ರಿ?" ಈ ಪ್ರಶ್ನೆಯನ್ನು ಯಾರಾದರೂ ಕೇಳಲೆಂದು ನಾನು ಎಷ್ಟೋ ವರ್ಷ ಕಾದಿದ್ದೆ. ಎದೆಯುಬ್ಬಿಸಿ ಹೊರಟೆ. ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ರೆಕ್ಕೆಯಿಲ್ಲದ ವಿಮಾನ, ಅದರೊಳಗೆ ಬ್ರೇಕು ಒತ್ತಿ ಹಿಡಿಯಲು ಹೆಲ್ಮೆಟ್ ಹಾಕಿಕೊಂಡ ನಾನು, ಮುಂದೆ ಡ್ರೈವರನ ಪಕ್ಕದಲ್ಲಿ ಪೂರ್ವಾ. ಎಮ್ಮೆಯೊಂದು ನಮ್ಮನ್ನು ಸಾವಕಾಶವಾಗಿ ಹಿಂದೆ ಹಾಕಿ ಹೋಯಿತು.

ದಾರಿಯಲ್ಲಿ ಚಹಾದಂಗಡಿಯ ಮುಂದೆ ಜನ ಎದ್ದು ನಿಂತರು. ಒಬ್ಬ ಮುದುಕ ಕಣ್ಣಿಗೆ ಕೈ ಅಡ್ಡ ಹಿಡಿದು ಕೂಗಿದ: "ಯವ್ವಾ, ಇದು ಯಾವ ಪಕ್ಷದ ಗುರ್ತೇ?"

ಪೂರ್ವಾ ಹಿಂದೆ ತಿರುಗಿ ನನ್ನನ್ನೊಮ್ಮೆ ನೋಡಿ, ಕೂಗಿ ಹೇಳಿದಳು: "ನಮ್ಮವ್ವನ ಪಕ್ಷದ್ದೋ ಯಪ್ಪಾ! ಒಳಗ ಕುಂತಾವ್ರು ಅಭ್ಯರ್ಥಿ!"

ಇನ್ನೇನು ಮಾಡಲಿ? ಕಾಕ್‌ಪಿಟ್ಟಿನಿಂದ ಎದ್ದು ನಿಂತು ಎರಡೂ ಕಡೆಯ ಮತದಾರರಿಗೆ ಕೈಮುಗಿದೆ.